ಹಾ ಮೊಕೊಟೊದಲ್ಲಿ ಉಳಿದವಳು

ಬಸೋಥೋ ನಾಡಿನ ಬೆಟ್ಟಗಳ ನಡುವೆ ಹಾ ಮೊಕೊಟೊ ಊರೆನ್ನಲೂ ಸಾಲದಷ್ಟು ಪುಟ್ಟ ಕೇರಿ. ಯಾರಿಗೂ ಬೇಡವಾಗಿದ್ದ ಆ ಇಳಿಜಾರಿಗೆ ಮೊಕೊಟೊ ಎಂಬುವನು ಹೆಂಡತಿಯನ್ನೂ ಒಂದು ಕುಂಟೆತ್ತನ್ನೂ ಕಟ್ಟಿಕೊಂಡು ಬಂದ. ಕಲ್ಲು ಆಯ್ದು ಜೋಳ ಬಿತ್ತಿದ. ಎತ್ತು ಸತ್ತ ವರ್ಷ ಗಂಡಹೆಂಡಿರೇ ನೊಗಕ್ಕೆ ಹೆಗಲು ಕೊಟ್ಟರಂತೆ. ಬರಬರುತ್ತ ನಾಲ್ಕಾರು ಮನೆಗಳೆದ್ದವು. ಅವನ ಮೊಮ್ಮಗನನ್ನು ಮದುವೆಯಾಗಿ ಬಂದವಳು ಮಾದಿಪುವೊ. ದಿಪುವೊಳ ತಾಯಿ ಎಂದು ಅದರರ್ಥ. ಚೊಚ್ಚಲ ಕೂಸಿನ ಹೆಸರೇ ಅಲ್ಲಿ ತಾಯಿಗೂ ಹೆಸರು. ದಿಪುವೊ ಹುಟ್ಟಿ ಹಾಲು ಕುಡಿಯುವ ಮೊದಲೇ ಹೋದಳು. ಆಮೇಲೆ ಮಡಿಲು ತುಂಬಲಿಲ್ಲ. ಹೆಸರು ಮಾತ್ರ ಉಳಿಯಿತು.

ಈಗ ಕೆಳಗೆ ಅಣೆಕಟ್ಟೆ ಎದ್ದಿತ್ತು. ಕೇರಿ ಮುಳುಗುವ ಮುನ್ನ ಗೋರಿಗಳನ್ನು ಅಗೆದು ಪೇಟೆಯ ಸ್ಮಶಾನಕ್ಕೆ ಸಾಗಿಸಲು ಸರ್ಕಾರದವರು ಬಂದರು. ಮೊಕೊಟೊ ಮೇಲೆ ಬಂದ, ಅವನ ಹೆಂಡತಿ ಬಂದಳು, ಮಾದಿಪುವೊಳ ಗಂಡನೂ ಬಂದ. ಸತ್ತ ಕೂಸುಗಳನ್ನು ಮಾತ್ರ ಅಲ್ಲಿ ಗೋರಿಗಳ ಕಡೆ ಒಯ್ಯುತ್ತಿರಲಿಲ್ಲ. ಹೆಂಗಸರೇ ಮನೆ ಹತ್ತಿರ ಹೂಳುತ್ತಿದ್ದರು. ಬಾಣಂತಿಗೆ ಜಾಗ ತೋರಿಸುತ್ತಿರಲಿಲ್ಲ. ದಿಪುವೊಳ ಜಾಗ ಬಲ್ಲವಳಾಗಿದ್ದ ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಮಾದಿಪುವೊ ಹಿತ್ತಲಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿ ತೋಡಿಸಿದಳು.

"ಇಲ್ಲೇನೂ ಇಲ್ಲ ಕಣವ್ವಾ," ಎಂದ ಗುದ್ದಲಿಯವ.

ಗೋಡೆಯಾಚೆ ನೆರೆಮನೆಯ ಮಾಪುಲಾನೆ ನಿಂತಿದ್ದಳು. ಅವಳ ದನ ಇವರ ಜೋಳಕ್ಕೆ ನುಗ್ಗಿದ ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

"ಅಲ್ಲಿ ಅಲ್ಲ ಕಣೇ, ಕುರುಡಿ! ಬೂದಿಗುಡ್ಡೆ ಪಕ್ಕ. ನಿಮ್ಮತ್ತೆ ಮಡಕೇಲಿಟ್ಟು ಹೂಳುವಾಗ ಮಣ್ಣೆಳೆದೋಳು ನಾನೇ."

"ಇಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಹೇಳಬಾರ್ದು ಅಂತ ಆಣೆ ಹಾಕಿಸಿದ್ರು ಕಣೇ. ಹೇಳಿದ್ರೆ ನೀನು ಅಲ್ಲಿಂದ ಏಳ್ತಿದ್ಯಾ?"

ಅಗೆದರು. ಮಡಕೆಯ ಚೂರುಗಳು ಸಿಕ್ಕವು. ಎಲುಬು ಎನ್ನುವಂಥದ್ದೇನೂ ಇರಲಿಲ್ಲ. ಆ ಮಣ್ಣೂ ಸುತ್ತಲಿನ ಮಣ್ಣೂ ಒಂದೇ ಆಗಿಬಿಟ್ಟಿತ್ತು. ಗುದ್ದಲಿಯವನು ಪುಟ್ಟ ಪೆಟ್ಟಿಗೆ ಹಿಡಿದು ಕಾದ. ಮಾದಿಪುವೊ ಗುಂಡಿಯೊಳಗೆ ಕೈಯಿಟ್ಟು ಬಹಳ ಹೊತ್ತು ಕೂತಳು.

"ಮುಚ್ಚಪ್ಪಾ. ಯಾವ ಹಿಡೀಲಿ ಅವಳಿದಾಳೆ, ಯಾವುದ್ರಲ್ಲಿಲ್ಲ ಅಂತ ಆರಿಸ್ಲಿ?"

ಕೇರಿಯವರಿಗೆ ಸರ್ಕಾರ ಮನೆ ಕೊಟ್ಟ ಪೇಟೆಯ ಹೊಸ ಬಡಾವಣೆಯಲ್ಲಿ, ನಲ್ಲಿಯ ಹತ್ತಿರ, ಹೊಸ ಪರಿಚಯದವಳೊಬ್ಬಳು ಕೇಳಿದಳು: "ದಿಪುವೊ ಎಲ್ಲವ್ವಾ? ಮದುವೆ ಮಾಡ್ಕೊಟ್ರಾ?"

ಹಾ ಮೊಕೊಟೊದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಊರಲ್ಲಿದಾಳೆ. ಸುಮ್ನೆ ನೀರು ಹಿಡಿ," ಎಂದು ಹಿಂದೆ ನಿಂತಿದ್ದ ಮಾಪುಲಾನೆ ಕೇಳಿದವಳನ್ನು ಗದರಿದಳು.

ಚಳಿಗಾಲ ಕಳೆದ ಮೇಲೆ ಇಬ್ಬರೂ ಲಾರಿ ಹತ್ತಿ ಅಣೆಕಟ್ಟೆಗೆ ಹೋದರು. ಬೆಟ್ಟದಿಂದ ಬೆಟ್ಟಕ್ಕೆ ನೀರು. ಮನೆ ಎಲ್ಲಿತ್ತೆಂದು ಬೇರೆಬೇರೆ ಕಡೆ ಬೆರಳು ತೋರಿಸಿ ಜಗಳವಾಡಿದರು. ಕೊನೆಗೆ ಮಾಪುಲಾನೆಯೇ ಸೋತು, "ನೀನು ಹೇಳಿದ ಕಡೇನೇ ಇರ್ಲಿ ಬಿಡೇ," ಎಂದಳು. ಮಾದಿಪುವೊ ತಾನು ತೋರಿಸಿದ ಕಡೆಗೆ ಮುಖ ಮಾಡಿ, ಕಂಬಳಿ ಹೊದ್ದು ಕೂತಳು. ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ.