ಹೊಟ್ಟೆಬಾಕ ಗಾಡಿಗೆ ಪಥ್ಯ

ಜಯರಾಮು ಆ ಕಾರನ್ನು ಕೊಂಡದ್ದು ಅದರ ಸದ್ದಿಗೆ ಮರುಳಾಗಿ. ಕೊಂಡ ಮೇಲೆ ಆ ಸದ್ದನ್ನೇ ಅಡಗಿಸಲು ಹೊರಟ. ಇದೆಂಥ ಬುದ್ಧಿ ಎಂದು ಯಾರಾದರೂ ಕೇಳಿದರೆ ರೇಗುತ್ತಿದ್ದ. ರೇಗಲು ಅವನಿಗೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ, ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು.

ಕಾರು ನ್ಯೂಯಾರ್ಕಿನ ಹತ್ತಿರದ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ಅವನ ಪಕ್ಕದ ಮನೆಯವನಾದ ಟೋನಿಯದು. ಅರವತ್ತೊಂಬತ್ತನೇ ಇಸವಿಯ ಪಾಂಟಿಯಾಕ್. ಎಂಟು ಸಿಲಿಂಡರು, ಎರಡೇ ಬಾಗಿಲು, ಉದ್ದ ಮೂತಿ, ಕಡು ಹಸಿರು ಬಣ್ಣ. ಇಂಥವನ್ನು ಅಲ್ಲಿಯವರು ಮಸಲ್ ಕಾರ್ ಎನ್ನುತ್ತಾರೆ. ಟೋನಿ ಮನೆಗಳಿಗೆ ಸೂರು ಹೊದಿಸುವ ಕೆಲಸದವನು. ಒಂದು ಸಲ ಸೂರಿನಿಂದ ಜಾರಿ ಬಿದ್ದು ಸೊಂಟ ಕೆಡಿಸಿಕೊಂಡ. ಅಷ್ಟು ತಗ್ಗಿನ ಸೀಟಿನಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ. ಅದಕ್ಕೇ ಮನಸ್ಸಿಲ್ಲದ ಮನಸ್ಸಿನಿಂದ ಮಾರಿದ. ಮಾರುವಾಗ ಒಂದು ಮಾತು ತೆಗೆದುಕೊಂಡಿದ್ದ: "ಜೇ, ನಿನಗೆ ಸಾಕಾದ ದಿನ ನನಗೇ ವಾಪಸ್ ಕೊಡಬೇಕು. ಬೇರೆ ಯಾರಿಗೂ ಕೊಡಕೂಡದು."

"ಸಾಕಾಗುವುದಾ? ನನಗಾ?" ಎಂದು ಜಯರಾಮು ನಕ್ಕಿದ್ದ.

ಮೊದಲ ಚಳಿಗಾಲ ಕಳೆಯುವವರೆಗೆ ಎಲ್ಲ ಚೆನ್ನಾಗಿತ್ತು. ಎಣ್ಣೆ ತಾನೇ ಬದಲಿಸಿದ. ಪ್ಲಗ್ಗು ಬಿಚ್ಚಿ ಉಜ್ಜಿ ಹಾಕಿದ. ಮಂಡ್ಯದಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದಾಗ ಇಲಾಖೆಯ ಜೀಪಿನ ಕೆಳಗೆ ಮಲಗಿ ಕಲಿತ ವಿದ್ಯೆ, ಈಗ ನ್ಯೂಯಾರ್ಕಿನ ಆಫೀಸಿನಲ್ಲಿ ಮೋರಿಯ ನಕ್ಷೆ ಬರೆಯುವ ಕೈಗೆ ಮತ್ತೆ ನೆನಪಾಯಿತು. ಕೆಡುಕು ಶುರುವಾದದ್ದು ಬೇಸಿಗೆಯಲ್ಲಿ, ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ. ಪಾರ್ಕಿನ ಮುಂದೆ ಗುಡುಗುಟ್ಟಿಕೊಂಡು ಕಾರು ನಿಲ್ಲಿಸಿದ. ಪುಳಿಯೋಗರೆ ತಟ್ಟೆ ಹಿಡಿದ ಜನ ಸುತ್ತ ಸೇರಿದರು. ಜಯರಾಮು ಎದೆ ಉಬ್ಬಿಸಿ ಬಾನೆಟ್ ತೆಗೆದ. ಎಂಜಿನ್ನಿನ ಗಾತ್ರ ಯಾರೂ ಕೇಳಲಿಲ್ಲ, ಬಲ ಯಾರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಒಂದೇ.

"ಮೈಲೇಜ್ ಎಷ್ಟು ಕೊಡತ್ತೆ ಜಯರಾಮ್?"

ಅವನು ನಿಜ ಹೇಳಿದ. ಒಬ್ಬರು ತುಟಿ ಲೊಚಗುಟ್ಟಿದರು, ಮನೆಯಲ್ಲಿ ಯಾರಿಗೋ ಕಾಯಿಲೆ ಎಂದು ಕೇಳಿದ ಹಾಗೆ. ಇನ್ನೊಬ್ಬರು ಅವನ ಬೆನ್ನು ತಟ್ಟಿ, "ಹೋಗ್ಲಿ ಬಿಡಿ, ಏನೋ ಆಗೋಯ್ತು" ಎಂದರು. ಜಯರಾಮುವಿಗೆ ಅವಮಾನವಾಯಿತು. ಆ ಸಂಜೆಯೇ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಕಾರಿಗೆ ಪಥ್ಯ ಶುರುಮಾಡಿದ.

ಆ ಕಾರಿನ ಕಾರ್ಬ್ಯುರೇಟರಿಗೆ, ಅಂದರೆ ಗಾಳಿ ಪೆಟ್ರೋಲು ಬೆರೆತು ಒಳಗೆ ಹೋಗುವ ಬಾಯಿಗೆ, ನಾಲ್ಕು ಗಂಟಲು. ಹಿಂದಿನ ಎರಡು ಗಂಟಲು ಪೆಡಲನ್ನು ಪೂರ್ತಿ ಒತ್ತಿದಾಗ ಮಾತ್ರ ತೆರೆಯುತ್ತವೆ. ಕಾರಿನ ಗತ್ತೆಲ್ಲ ಅಲ್ಲೇ ಇರುವುದು. ಜಯರಾಮು ಅವೆರಡನ್ನೂ ತಂತಿ ಬಿಗಿದು ಮುಚ್ಚಿದ. ತಣ್ಣಗಿನ ಎಂಜಿನ್ನಿಗೆ ಮೊದಲು ಒಂದಿಷ್ಟು ಪೆಟ್ರೋಲು ಹೆಚ್ಚಿಗೆ ಕುಡಿಸಿ ಎಬ್ಬಿಸುವುದು ಚೋಕ್‌ನ ಕೆಲಸ. ಅದು ದಂಡದ ಖರ್ಚು ಎಂದು ಅದಕ್ಕೂ ತಂತಿ ಕಟ್ಟಿ ಕೆಲಸದಿಂದ ಬಿಡಿಸಿದ. ಪೆಟ್ರೋಲು ಹರಿಯುವ ದಾರಿಯನ್ನು ಸ್ಕ್ರೂ ತಿರುಗಿಸಿ ಸಣ್ಣದು ಮಾಡಿದ. ಇಷ್ಟೂ ಸಾಲದೆಂದು, ಕಾಲು ತಪ್ಪಿಯೂ ಹೆಚ್ಚು ಒತ್ತಬಾರದೆಂದು, ಆಕ್ಸಿಲರೇಟರ್ ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟ. ಮಂಡ್ಯದ ಜೀಪಿನಲ್ಲೂ ಹಾಗೇ ಇತ್ತು.

ಸೊಂಟ ಹಿಡಿದುಕೊಂಡು ಬಂದ ಟೋನಿ ಬಾನೆಟ್ಟಿನೊಳಗೆ ಬಗ್ಗಿ ನೋಡಿ, ಬಿಗಿದ ತಂತಿಯನ್ನು ಬೆರಳಿನಿಂದ ಮೀಟಿದ.

"ಜೇ, ಇದಕ್ಕೆ ಏನು ಮಾಡಿದ್ದೀಯ?"

"ಟ್ಯೂನಿಂಗ್."

"ನಮ್ಮಜ್ಜಿ ಇದಕ್ಕಿಂತ ಜೋರಾಗಿ ಉಸಿರಾಡ್ತಾಳೆ. ಅವಳು ಸತ್ತು ಹೋಗಿದ್ದಾಳೆ."

ಜಯರಾಮು ಪಾನಾ ಎತ್ತಿ ಕೆಳಗೆ ಕುಕ್ಕಿದ. ಟೋನಿ ನಗುತ್ತ ಹೋದ.

ಟೋನಿಯ ಬಾಯಿ ಹೇಗೋ ತಡೆದುಕೊಳ್ಳಬಹುದು. ತಡೆಯಲಾಗದ್ದು ಹೆಂಡತಿ ಕೃಷ್ಣಮ್ಮನದು. ಜಯರಾಮು ದಿನಾ ನ್ಯೂಯಾರ್ಕಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಕೃಷ್ಣಮ್ಮ ಬೆಳಗಾಗುವ ಮೊದಲೇ ತನ್ನ ಹಳೆಯ ಡಾಟ್ಸನ್ ಕಾರು ತೆಗೆದುಕೊಂಡು ಆಸ್ಪತ್ರೆಯ ಲ್ಯಾಬಿಗೆ ಹೋಗಬೇಕು. ಗ್ಯಾರೇಜಿನಲ್ಲಿ ಪಾಂಟಿಯಾಕ್ ಮಲಗಿದ್ದರಿಂದ ಡಾಟ್ಸನ್ ಹೊರಗೆ. ಹೋದ ಚಳಿಗಾಲವೆಲ್ಲ ಅವಳು ಗಾಜಿನ ಮೇಲಿನ ಐಸ್ ಕೆರೆದೂ ಕೆರೆದೂ ಬೆರಳು ಮರಗಟ್ಟಿಸಿಕೊಂಡಿದ್ದಳು. ಸೆಪ್ಟೆಂಬರಿನಲ್ಲಿ ಒಂದು ದಿನ ಊಟ ಬಡಿಸುತ್ತ ಹೇಳಿಬಿಟ್ಟಳು.

"ರೀ, ಈ ವಿಂಟರ್‌ಗೆ ನಾನು ಹೊರಗಡೆ ಐಸ್ ಕೆರೆಯಲ್ಲ."

"ಸ್ವಲ್ಪ ತಾಳೇ. ಟ್ಯೂನಿಂಗ್ ನಡೀತಿದೆ."

"ಏನು ಟ್ಯೂನಿಂಗೋ! ನಿಮಗೆ ಸಕ್ಕರೆ ಕಾಯಿಲೆ ಅಂತ ಡಾಕ್ಟ್ರು ಪಥ್ಯ ಹೇಳಿದ್ರೆ ನೀವು ಕೇಳಲಿಲ್ಲ, ಕಾರಿಗೆ ಮಾಡಿಸ್ತಿದೀರಿ."

"ಸಾರು ಹಾಕು."

"ಹಾಕ್ತೀನಿ. ಮಾತು ಕೇಳಿ. ಆಯುಧಪೂಜೆ ದಿನ ಎಲ್ಲರ ಎದುರಿಗೆ ಅದು ನಿಂಬೆಹಣ್ಣು ತುಳಿದು ರಸ್ತೆಗೆ ಹೋಗ್ಬೇಕು. ಹೋದ್ರೆ ಇಟ್ಕೊಳ್ಳಿ, ನಾನು ತುಟಿ ಬಿಚ್ಚಲ್ಲ. ಹೋಗ್ಲಿಲ್ವಾ, ಅವತ್ತೇ ಟೋನಿ ಮನೆಗೆ. ಅವನಿಗೂ ಹೇಳಿದೀನಿ."

"ಅವನಿಗ್ಯಾಕೆ ಹೇಳಿದೆ?"

"ಗ್ಯಾರೇಜ್ ಖಾಲಿ ಮಾಡ್ಕೊಳ್ಳೋಕೆ ಟೈಮ್ ಬೇಕಲ್ಲ ಪಾಪ."

ಜಯರಾಮು ಮುಖ ಗಂಟಿಕ್ಕಿಕೊಂಡು ಒಪ್ಪಿದ. ಒಪ್ಪಲು ಭಯವೇನಿತ್ತು? ಬೇಸಿಗೆಯಲ್ಲಿ ಕಾರು ಚಾಲೂ ಆಗುತ್ತಿತ್ತು. ಓಡುತ್ತಿರಲಿಲ್ಲ, ನಡೆಯುತ್ತಿತ್ತು. ಹಿಂದಿನವರು ಹಾರ್ನ್ ಹೊಡೆದರೆ ಕಿಟಕಿಯಿಂದ ಕೈ ಬೀಸಿ ಮುಂದೆ ಹೋಗಲು ಹೇಳುತ್ತಿದ್ದ. ಆದರೆ ಮೈಲೇಜ್ ಏರಿತ್ತು. ಮುಂದಿನ ಪಿಕ್ನಿಕ್ಕಿಗೆ ಆ ಸಂಖ್ಯೆಯನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ.

ಆಯುಧಪೂಜೆಯನ್ನು ಅಲ್ಲಿಯವರೆಲ್ಲ ಮಾಡುವ ಹಾಗೆ ಭಾನುವಾರಕ್ಕೆ ಎಳೆದುಕೊಂಡರು. ಅಕ್ಟೋಬರಿನ ಆ ಬೆಳಗ್ಗೆ ಹುಲ್ಲಿನ ಮೇಲೆಲ್ಲ ಬಿಳಿ ಇಬ್ಬನಿ ಹೆಪ್ಪುಗಟ್ಟಿತ್ತು. ಪೂಜೆಗೆಂದು ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಿಂದ ಡ್ರೈವ್‌ವೇಗೆ, ಅಂದರೆ ಮನೆ ಮುಂದಿನಿಂದ ರಸ್ತೆಗೆ ಇಳಿಯುವ ದಾರಿಗೆ, ತಂದು ನಿಲ್ಲಿಸಿದ್ದರು. ಜಯರಾಮು ರೇಷ್ಮೆ ಪಂಚೆಯ ಮೇಲೆ ಸ್ವೆಟರ್ ಹಾಕಿ, ಬಂಪರಿಗೆ ಮಾವಿನೆಲೆಯ ಬದಲು ಮೇಪಲ್ ಎಲೆಯ ತೋರಣ ಕಟ್ಟಿದ. ಬೂದುಗುಂಬಳ ಸಿಕ್ಕಿರಲಿಲ್ಲ. ಅಕ್ಟೋಬರಿನಲ್ಲಿ ಅಂಗಡಿಗಳ ಮುಂದೆಲ್ಲ ಬಿದ್ದಿರುವ ಕೇಸರಿ ಕುಂಬಳವನ್ನೇ ತಂದು ಕುಂಕುಮ ಹಚ್ಚಿಟ್ಟಿದ್ದರು. ನ್ಯೂಯಾರ್ಕಿನ ಫ್ಲೋರಲ್ ಪಾರ್ಕ್ ಬಡಾವಣೆಯಲ್ಲಿ ಊರಿಗೆ ಒಯ್ಯುವ ಸೂಟ್‌ಕೇಸು, ಮಿಕ್ಸಿ ಮಾರುವ ಅಂಗಡಿ ಇಟ್ಟ ಯೂನುಸ್ ಬಂದಿದ್ದ. ಅವನು ಮೈಸೂರಿನ ಮಂಡಿ ಮೊಹಲ್ಲಾದವನು, ಪ್ರತಿ ವರ್ಷ ಆ ದಿನದ ಊಟಕ್ಕೆ ತಪ್ಪದೆ ಬರುವ ಗೆಳೆಯ. ಕೂಟದ ಇನ್ನೂ ನಾಲ್ಕಾರು ಮಂದಿ ಇದ್ದರು. ಟೋನಿ ಕಾಫಿ ಲೋಟ ಹಿಡಿದು ತನ್ನ ಬೇಲಿಯ ಹತ್ತಿರ ನಿಂತಿದ್ದ. ಅವನ ಗ್ಯಾರೇಜಿನ ಬಾಗಿಲು ತೆರೆದಿತ್ತು, ಒಳಗೆ ಗುಡಿಸಿ ಚೊಕ್ಕ ಮಾಡಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಜಯರಾಮು ಆ ಕಡೆ ನೋಡಲಿಲ್ಲ.

ಮಂಗಳಾರತಿಯಾಯಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಜಯರಾಮು ದೇವರಿಗೆ ಕೈಮುಗಿದು ಒಳಗೆ ಕೂತು ಕೀಲಿ ತಿರುಗಿಸಿದ.

ಎಂಜಿನ್ ತಿರುಗಿತು. ಹತ್ತಲಿಲ್ಲ. ಮತ್ತೆ ತಿರುಗಿಸಿದ. ಒಂದು ಸಲ ಕೆಮ್ಮಿತು. ಮತ್ತೆ, ಮತ್ತೆ. ಕೊನೆಕೊನೆಗೆ ಬ್ಯಾಟರಿ ಸೋತು ಆಕಳಿಸುವ ಸದ್ದು ಮಾತ್ರ ಬಂತು. ರಾತ್ರಿಯೆಲ್ಲ ಚಳಿಯಲ್ಲಿ ನೆನೆದ ಎಂಜಿನ್ನಿಗೆ ಬೇಕಾಗಿದ್ದದ್ದು ಒಂದು ಗುಟುಕು ಪೆಟ್ರೋಲು. ಅದು ಹೋಗುವ ದಾರಿಗಳನ್ನೆಲ್ಲ ಅವನೇ ಕಟ್ಟಿ ಕೂತಿದ್ದ. ಅದು ಅವನಿಗೆ ಆಗಲೇ ಹೊಳೆಯಿತು. ಆದರೆ ಅಷ್ಟು ಜನರ ಎದುರು ಇಳಿದು ತಂತಿ ಬಿಚ್ಚುವುದುಂಟೇ?

"ಏನಣ್ಣಾ," ಎಂದ ಯೂನುಸ್ ಕಿಟಕಿಗೆ ಬಗ್ಗಿ, "ಪೂಜೆಗೆ ಮುಂಚೆ ಉಪವಾಸ ಮಾಡೋದು ನೀವಲ್ವಾ? ಗಾಡಿಗೂ ಮಾಡಿಸಿದೀರಾ?"

"ಬಾಯಿ ಮುಚ್ಚಯ್ಯಾ! ತಳ್ಳು!"

"ಏನು?"

"ಕಿವುಡಾ? ತಳ್ಳು ಅಂದೆ. ಗೇರ್ ಗಾಡಿ ಇದು, ಆಟೋಮ್ಯಾಟಿಕ್ ಅಲ್ಲ, ತಳ್ಳಿದ್ರೆ ಹತ್ತತ್ತೆ. ಊರಲ್ಲಿ ತಳ್ಳಿಲ್ವಾ?"

ಊರಲ್ಲಿ ಎಲ್ಲರೂ ತಳ್ಳಿದ್ದರು. ಬಸ್ಸು, ಜೀಪು, ಮದುವೆ ಗಂಡು ಕೂತಿದ್ದ ಕಾರು, ಬಿಟ್ಟದ್ದು ಯಾವುದೂ ಇಲ್ಲ. ಪಂಚೆ ಎತ್ತಿ ಕಟ್ಟಿದರು. ಕಾರು ಎಮ್ಮೆಯ ಹಾಗೆ ಭಾರ, ಅಲುಗಲಿಲ್ಲ. ಯೂನುಸ್ ಮುಖ ಕೆಂಪಗೆ ಮಾಡಿಕೊಂಡು, "ಒಳಗೆ ದಪ್ಪಗಿರೋರು ಕೂತಿದ್ರೆ ಹೇಗೆ? ಇಳೀರಿ ಅಣ್ಣ, ತಳ್ಳೋಕೆ ಬನ್ನಿ. ಅಕ್ಕ ಕೂತ್ಕೊಳ್ಳಲಿ" ಎಂದ.

"ಅವಳಾ?"

"ನಿಮಗಿಂತ ಹಗುರ. ಗೇರ್ ಗಾಡಿ ದಿನಾ ಓಡಿಸೋದೂ ಅವರೇ."

ಜಯರಾಮು ಬಾಗಿಲು ದಡಾರನೆ ತೆಗೆದು ಇಳಿದ. ಕೃಷ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟಿಯರಿಂಗ್ ಹಿಂದೆ ಕೂತಳು. ಗಂಡ ಕಿಟಕಿಗೆ ಬಗ್ಗಿ ಪಾಠ ಶುರುಮಾಡಿದ: "ಸೆಕೆಂಡ್ ಗೇರ್. ನಾನು ಹೇಳಿದಾಗ ಕ್ಲಚ್ ಬಿಡು. ಪೆಡಲ್ ಜಾಸ್ತಿ ಒತ್ತಬೇಡ, ಪೆಟ್ರೋಲ್ ಸುಮ್ನೆ—"

"ಇದೇನ್ರೀ ಕಾಲಡಿಗೆ ಮರದ ತುಂಡು?"

"ಅದು ಇರ್ಲಿ, ಅದು ಟ್ಯೂನಿಂ—"

ಮರದ ತುಂಡು ಕಿಟಕಿಯಿಂದ ಹಾರಿ ಬಂದು ಹುಲ್ಲಿನ ಮೇಲೆ ಬಿತ್ತು. ಯಾರೋ ಚಪ್ಪಾಳೆ ತಟ್ಟಿದರು.

ಜಯರಾಮು ಹಲ್ಲು ಕಡಿಯುತ್ತ ಹಿಂದೆ ಹೋಗಿ ಹೆಗಲು ಕೊಟ್ಟ. ಎಲ್ಲರೂ ಒಂದೇ ದನಿಯಲ್ಲಿ ಹೈಸಾ ಎಂದರು. ಕಾರು ಕೂದಲೆಳೆಯಷ್ಟು ಅಲುಗಿ ನಿಂತಿತು. ಆಗ ಅವನ ಪಕ್ಕಕ್ಕೆ ಇನ್ನೊಂದು ಜೋಡಿ ಕೈ ಬಂತು. ಟೋನಿ. ಕಾಫಿ ಲೋಟ ಬೇಲಿಯ ಮೇಲಿತ್ತು.

"ನಿನ್ನ ಸೊಂಟ!" ಎಂದ ಜಯರಾಮು.

"ಇದನ್ನ ಹೀಗೆ ನೋಡೋಕಾಗಲ್ಲ ಜೇ. ತಳ್ಳು, ಮಾತಾಡ್ಬೇಡ."

ಕಾರು ಹೊರಟಿತು. ನಿಂಬೆಹಣ್ಣು ಒಂದೊಂದೇ ಪಚಕ್ಕೆಂದವು. ಇಳಿಜಾರಿಗೆ ಸಿಕ್ಕು ವೇಗ ಬಂತು. "ಬಿಡೂ!" ಎಂದು ಜಯರಾಮು ಕೂಗಿದ. ಕೃಷ್ಣಮ್ಮ ಕ್ಲಚ್ ಬಿಟ್ಟಳು. ಬಿಟ್ಟವಳು ಪೆಡಲನ್ನು ದಬದಬ ತುಳಿದಳು. ಡಾಟ್ಸನ್ ಚಳಿಗೆ ಮುನಿದಾಗ ಅವಳು ಮಾಡುತ್ತಿದ್ದದ್ದು ಅದನ್ನೇ. ಕಾರು ಒಂದು ಸಲ ಕುಪ್ಪಳಿಸಿತು, ಹಿಂದಿನಿಂದ ಕರಿ ಹೊಗೆ ಉಗಿಯಿತು, ಆಮೇಲೆ ಒಮ್ಮೆಲೇ ಗುಡುಗಿತು. ಒತ್ತಿದ ರಭಸಕ್ಕೆ ಹಿಂದಿನ ಗಂಟಲಿಗೆ ಬಿಗಿದಿದ್ದ ತಂತಿಯೂ ಕಿತ್ತುಹೋಯಿತು. ಸಾಲು ಮನೆಗಳ ಕಿಟಕಿ ಗಾಜು ನಡುಗಿದವು. ತಳ್ಳುತ್ತಿದ್ದವರೆಲ್ಲ ಹಿಡಿಯಲು ಏನೂ ಇಲ್ಲದೆ ಮುಗ್ಗರಿಸಿದರು. ಜಯರಾಮು ಪಂಚೆ ತುಳಿದುಕೊಂಡು ಮಂಡಿಯೂರಿ ಬಿದ್ದ. ತಲೆ ಎತ್ತುವಷ್ಟರಲ್ಲಿ ಮೇಪಲ್ ತೋರಣ ಹಾರಿಸಿಕೊಂಡು ಕಾರು ರಸ್ತೆಯ ತಿರುವಿನಲ್ಲಿ ಮಾಯವಾಗಿತ್ತು.

ಸದ್ದು ದೂರ ಹೋಗುತ್ತ ಹೋಗುತ್ತ ರೂಟ್ ನೈನ್ ಹೆದ್ದಾರಿಯ ಕಡೆಗೆ ತಿರುಗಿತು.

"ಅಕ್ಕ ವಾಪಸ್ ಬರ್ತಾರಾ?" ಎಂದ ಯೂನುಸ್.

"ಬರದೆ ಎಲ್ಲಿಗೆ ಹೋಗ್ತಾಳೆ!" ಎಂದು ಜಯರಾಮು ರೇಗಿದ. ಆದರೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಊಟ ಆರುತ್ತಿತ್ತು. ಟೋನಿ ಹುಲ್ಲಿನ ಮೇಲೆ ಅಂಗಾತ ಮಲಗಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಗುಡುಗು ಮತ್ತೆ ಕೇಳಿಸಿದಾಗ ಎಲ್ಲರೂ ಎದ್ದು ನಿಂತರು. ಕೃಷ್ಣಮ್ಮ ಕಾರನ್ನು ನೇರ ಡ್ರೈವ್‌ವೇಗೆ ತಂದು, ಆರಿಸದೆ ಹಾಗೇ ಗುರುಗುಟ್ಟಲು ಬಿಟ್ಟು ಇಳಿದಳು. ಕೂದಲು ಕೆದರಿತ್ತು. ಮುಖ ಹೊಳೆಯುತ್ತಿತ್ತು.

ಜಯರಾಮು ಪಂಚೆ ಕೊಡವಿಕೊಂಡು ಗಂಟಲು ಸರಿಮಾಡಿಕೊಂಡ. "ನೋಡಿದ್ಯಾ? ನಿಂಬೆಹಣ್ಣೂ ತುಳೀತು, ರಸ್ತೆಗೂ ಹೋಯ್ತು. ಗಾಡಿ ಇಲ್ಲೇ ಇರತ್ತೆ."

"ತಳ್ಳಿದ್ದು ಲೆಕ್ಕಕ್ಕಿಲ್ಲ" ಎಂದ ಟೋನಿ ಮಲಗಿದ್ದಲ್ಲಿಂದಲೇ.

"ನೀನೇ ತಳ್ಳಿದ್ಯಲ್ಲೋ!"

ಇಬ್ಬರೂ ಕೃಷ್ಣಮ್ಮನ ಕಡೆ ತಿರುಗಿದರು. ಪಂದ್ಯ ಕಟ್ಟಿದವಳು ಅವಳು, ತೀರ್ಪೂ ಅವಳದೇ. ತೆರೆದಿದ್ದ ಟೋನಿಯ ಗ್ಯಾರೇಜು ಈಗ ಬೇಡವೆಂದರೂ ಜಯರಾಮುವಿನ ಕಣ್ಣಿಗೆ ಬೀಳುತ್ತಿತ್ತು.

"ಗಾಡಿ ಇಲ್ಲೇ ಇರ್ಲಿ" ಎಂದಳು ಅವಳು.

ಜಯರಾಮು ಯೂನುಸ್‌ನ ಬೆನ್ನಿಗೆ ಒಂದು ಗುದ್ದಿದ, ಖುಷಿಗೆ.

"ಗ್ಯಾರೇಜಲ್ಲೇ ಇರ್ಲಿ. ಆದ್ರೆ ನಾಳೆಯಿಂದ ಇದರಲ್ಲಿ ಕೆಲಸಕ್ಕೆ ಹೋಗೋದು ನಾನು. ಡಾಟ್ಸನ್ ನಿಮಗೆ. ಬಸ್‌ಸ್ಟಾಪ್‌ವರೆಗೂ ನೀವೇ ಓಡಿಸ್ಕೊಂಡು ಹೋಗಿ. ಹೊರಗಡೆ ನಿಲ್ಲಿಸಿರ್ತೀರಿ, ಐಸ್ ಕೆರೆಯೋ ಬ್ಲೇಡು ಡಿಕ್ಕಿಯಲ್ಲಿದೆ."

"ಕೃಷ್ಣಾ, ಇದು ಅನ್ಯಾಯ! ಇದಕ್ಕೆ ಬೆವರು ಸುರಿಸಿದ್ದು ನಾನು."

"ಹೌದು, ಪಾಪ. ಡಾಟ್ಸನ್ನಿಗೂ ಸುರಿಸಿ. ಅದಾದ್ರೆ ಒಳ್ಳೆ ಮೈಲೇಜ್ ಕೊಡತ್ತೆ, ಪಿಕ್ನಿಕ್ಕಲ್ಲಿ ಧೈರ್ಯವಾಗಿ ಹೇಳ್ಬಹುದು."

ಟೋನಿ ನಕ್ಕು ನಕ್ಕು ಸೊಂಟ ಹಿಡಿದುಕೊಂಡ. ಜಯರಾಮು ಯಾರ ಮೇಲೆ ರೇಗಬೇಕೋ ತಿಳಿಯದೆ ಯೂನುಸ್‌ನ ಮೇಲೆ ರೇಗಿದ, ಬಿದ್ದಿದ್ದ ಕುಂಬಳದ ಮೇಲೂ ರೇಗಿದ. ಆಮೇಲೆ ಇಕ್ಕಳ ತಂದು ಬಾನೆಟ್ ಎತ್ತಿ, ಎಲ್ಲರ ಎದುರಿಗೇ ಚೋಕ್‌ಗೆ ಕಟ್ಟಿದ್ದ ತಂತಿ ಬಿಚ್ಚತೊಡಗಿದ. ಕೃಷ್ಣಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಜಯರಾಮು ತಲೆ ಎತ್ತದೆ, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದ.

"ರೂಟ್ ನೈನಲ್ಲಿ ಪೂರ್ತಿ ಒತ್ತಿದ್ಯಾ?"

"ಒತ್ತಿದೆ."

"ಪೂರ್ತೀ?"

"ನೆಲಕ್ಕೆ ತಾಗೋವರೆಗೂ."

"ಹೇಗಿತ್ತು?"

ಕೃಷ್ಣಮ್ಮ ಇಕ್ಕಳ ಅವನ ಕೈಯಿಂದ ತೆಗೆದು ಯೂನುಸ್‌ಗೆ ಕೊಟ್ಟು, ಬಾನೆಟ್ ಮುಚ್ಚಿದಳು. "ಹೇಳಿದ್ರೆ ಗೊತ್ತಾಗಲ್ಲ. ಆ ಕಡೆ ಬಾಗಿಲಿಂದ ಹತ್ತಿ. ಪಂಚೆ ಒಳಗೆ ಎಳ್ಕೊಳ್ಳಿ, ಬಾಗಿಲಿಗೆ ಸಿಕ್ಕೊಂಡೀತು."