ರಾಣಿಯ ಮೂಗು ಸವೆಸಿದ ಹುಣಸೆಹಣ್ಣು

ನಮ್ಮ ಗುಡೇಕೋಟೆಯ ದ್ಯಾಮಕ್ಕ ಚೊಂಬು ತಿಕ್ಕಿಟ್ಟರೆ ಗುಡ್ಡದ ಕರಡಿ ಸೂರ್ಯ ಹುಟ್ಟಿದನೆಂದು ಗುಹೆಗೆ ಓಡುತ್ತದೆ. ಸುಳ್ಳೆನ್ನುವವರು ಕರಡಿಯನ್ನೇ ಕೇಳಿ. ಆವತ್ತು ಮಾತ್ರ ಅವಳು ತಿಕ್ಕುತ್ತಿದ್ದುದು ಚೊಂಬನ್ನಲ್ಲ, ಸತ್ತ ಅತ್ತೆ ಬಿಟ್ಟುಹೋದ, ಬ್ರಿಟಿಷರ ಕಾಲದ ರಾಣಿಯ ಮುಖವಿದ್ದ ಬೆಳ್ಳಿ ರೂಪಾಯಿಯನ್ನು. ಗಂಟಿನಲ್ಲಿದ್ದ ರೂಪಾಯಿಗಳನ್ನೆಲ್ಲ ಮಾರಿ ಮಗಳು ಜೋಗಮ್ಮನಿಗೆ ಕೈಯಿಂದ ತಿರುಗಿಸುವ ಹೊಲಿಗೆ ಮಷೀನು ತರಬೇಕಿತ್ತು. ಹುಡುಗಿಗೆ ಒಂದು ಕಾಲಲ್ಲಿ ಬಲವಿಲ್ಲ, ಕುರಿ ಹಿಂದೆ ಓಡಲಾರಳು.

ಪಕ್ಕದ ಮನೆಯ ತಿಪ್ಪೇರುದ್ರಮ್ಮ ಬಾಗಿಲಲ್ಲೇ ಚೀರಿದಳು. ಅವಳ ತವರು ಕೊಟ್ಟೂರಿನ ಅಕ್ಕಸಾಲಿಗರ ಮನೆ.

"ಏ ದ್ಯಾಮಕ್ಕಾ, ಕೈ ತೆಗಿ! ಹುಣಸಿಹಣ್ಣು, ಇಟ್ಟಂಗಿ ಪುಡಿ ಹಾಕಿ ರಾಣಿ ಮೂಗೇ ಸವೆಸಿಬಿಟ್ಟೀಯಲ್ಲ!"

"ಮತ್ತೇನು ಮಾಡ್ಲಿ? ಕರ್ರಗದಾವು, ಬರೇ ಸೀಸ ಅಂದ ನಿನ್ನಿ ಬಂದ ವ್ಯಾಪಾರಿ. ಎಲ್ಲಾ ಸೇರಿಸಿ ಎರಡು ಕೊಡ ಕೊಡ್ತಾನಂತ. ಈ ಹುಲಿ ಚಿತ್ರದ್ದು ನೋಡು, ಹೆಂಗ ಹೊಳೀತೈತಿ! ಇದೊಂದೇ ಖರೇ ಬೆಳ್ಳಿ."

"ಮುದುಕಿ ಕೂದಲ ಬೆಳ್ಳಗಾಗ್ತೈತಿ, ಬೆಳ್ಳಿ ಮುದುಕಾದ್ರ ಕರ್ರಗಾಗ್ತೈತಿ. ಅದರಾಗೇನು ತಪ್ಪೈತಿ?"

ತಿಪ್ಪೇರುದ್ರಮ್ಮ ಮನೆಯಿಂದ ಕೆಟ್ಟ ರೇಡಿಯೋದ ಅಯಸ್ಕಾಂತ ತಂದಳು. ಹುಲಿ ಟಪ್ಪನೆ ಹಾರಿ ಅದನ್ನು ಕಚ್ಚಿತು. ಕಪ್ಪು ರಾಣಿಯರು ಅಲುಗಲಿಲ್ಲ.

"ಅಂಟಿದ್ದು ಬೆಳ್ಳಿ ಅಲ್ಲ. ಅಂಟದಿದ್ದದ್ದೆಲ್ಲಾ ಬೆಳ್ಳಿ ಅಂತಾನೂ ಅಲ್ಲ ಮತ್ತ. ತೂಕ ನೋಡಬೇಕು, ಅಂಚಿನ ಗೀರು ನೋಡಬೇಕು, ಶಬ್ದ ಕೇಳಬೇಕು. ಮುಖ, ಇಸವಿ ಸ್ಪಷ್ಟ ಇದ್ರ ಹಳೇ ನಾಣ್ಯ ಕೂಡಿಸೋರು ಹೆಚ್ಚು ಕೊಡ್ತಾರ. ತಿಕ್ಕಿದ್ದಕ್ಕ, ತೂತು ಹಾಕಿದ್ದಕ್ಕ ಬರೇ ಬೆಳ್ಳಿ ತೂಕದ ಬೆಲಿ."

"ಹಂಗಾರ ನಾ ತಿಕ್ಕಿದ್ದು?" ದ್ಯಾಮಕ್ಕನ ಕಣ್ಣು ತುಂಬಿತು.

"ಒಂದೇ ಅಲ್ಲೇನು? ಬಿಡವ್ವ. ಉಳಿದವು ಅದಾವಲ್ಲ."

ಮರುದಿನ ವ್ಯಾಪಾರಿ ಕೊಡ ಹೊತ್ತು ಬಂದ.

"ಸೀಸ ಕೊಟ್ಟು ನಿನಗ ಯಾಕ ಮೋಸ ಮಾಡ್ಲಿ, ಅಪ್ಪಾ? ನನಗ ಪಾಪ ಹತ್ತೀತು!" ಅಂದಳು ದ್ಯಾಮಕ್ಕ.

ಅವನು ಓಡಿದ ರಭಸಕ್ಕೆ ಆ ಕೊಡಗಳು ಕೂಡ್ಲಿಗಿ ತನಕ ಗಣಗಣ ಎಂದವಂತೆ!

ಗೆಳತಿಯರಿಬ್ಬರೂ ಕೊಟ್ಟೂರಿಗೆ ಹೋದರು. ಎರಡು ಅಂಗಡಿಯಲ್ಲಿ ವಿಚಾರಿಸಿದರು, ಕಣ್ಣೆದುರೇ ತೂಗಿಸಿದರು. ಸ್ಪಷ್ಟವಾಗಿದ್ದ ನಾಣ್ಯಗಳನ್ನು ಹಳೆ ನಾಣ್ಯ ಕೂಡಿಸುವವರೊಬ್ಬರು ಬೇರೆಯಾಗಿಯೇ ಬೆಲೆ ಕಟ್ಟಿ ಕೊಂಡರು. ಮಷೀನು ಮನೆಗೆ ಬಂತು. ಜೋಗಮ್ಮ ಅದರಲ್ಲಿ ಮೊದಲು ಹೊಲಿದದ್ದು ಮೆತ್ತನೆಯ ಒಂದು ಪುಟ್ಟ ಚೀಲ. ಮೂಗಿಲ್ಲದ ರಾಣಿಯನ್ನು ದ್ಯಾಮಕ್ಕ ಮಾರದೆ ಅದರಲ್ಲಿ ಇಟ್ಟುಕೊಂಡಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗಂಟಿನಲ್ಲೂ ಅಜ್ಜಿಯ ರೂಪಾಯಿ ಇರಬಹುದು. ತಿಕ್ಕಬೇಡಿ, ತೂತು ಹಾಕಬೇಡಿ, ಬಾಗಿಲಿಗೆ ಬಂದವನ ಮಾತಿಗೆ ಕೊಟ್ಟುಬಿಡಬೇಡಿ. ನಾಲ್ಕು ಕಡೆ ಕೇಳಿ. ಹುಣಸೆಹಣ್ಣು ಸಾರಿಗಿರಲಿ!