ಹತ್ತು ಸಲದ ಹಾಳೆ

ಅಮ್ಮ ಇನ್ನು ಕತ್ತರಿ ಹಿಡಿಯಲಾರಳೇನೋ. ಈ ಭಯವನ್ನು ಮಗಳು ಯಾರ ಮುಂದೆಯೂ ಆಡಿರಲಿಲ್ಲ. ಬೆಳಿಗ್ಗೆ ಹಿಂದೆ ನಿಂತು ಅಮ್ಮನ ತಲೆ ಬಾಚುವಾಗ ತನಗೆ ತಾನೇ ಒಪ್ಪಿಕೊಂಡಿದ್ದಳು, ಅಷ್ಟೇ. ಮುರಿದಿದ್ದ ಮಣಿಕಟ್ಟಿನ ಮೂಳೆ ಕೂಡಿ, ಪಟ್ಟಿ ಬಿಚ್ಚಿ ಮೂರು ವಾರವಾಗಿತ್ತು. ಅರ್ಧ ಬೀದಿಗೆ ಬಟ್ಟೆ ಹೊಲಿದ ಬಲಗೈ ಈಗ ಮಡಿಲಲ್ಲಿ ಹಲಗೆಯಂತೆ ಬಿದ್ದಿರುತ್ತಿತ್ತು.

ಮೂಳೆ ಡಾಕ್ಟರು ಚೀಟಿಯಲ್ಲಿ ಫಿಸಿಯೋಥೆರಪಿ ಎಂದು ಬರೆದಿದ್ದರು. ಅಮ್ಮ ಕಿವಿಗೇ ಹಾಕಿಕೊಂಡಿರಲಿಲ್ಲ. ಎಣ್ಣೆ ತಿಕ್ಕೋದಕ್ಕೂ ಓದಿಕೊಂಡವರು ಬೇಕಾ ಎಂಬುದು ಅವಳ ವಾದ. ಅಪರಿಚಿತರೊಡನೆ ಎರಡು ಮಾತಾಡಲೂ ಬೆವರುವ ಮಗಳು ಕೊನೆಗೊಂದು ದಿನ ಥೆರಪಿಸ್ಟ್ ಎಲ್ಲಿ ಸಿಗುತ್ತಾರೆಂದು ಔಷಧಿ ಅಂಗಡಿಯವನನ್ನು ವಿಚಾರಿಸಿದಳು. ಅವನು ಬೆರಳನ್ನು ಮೇಲಕ್ಕೆ ತೋರಿಸಿದ.

"ಆರು ವರ್ಷದಿಂದ ನನ್ನ ತಲೆ ಮೇಲೇ ಇದ್ದಾರಲ್ಲಮ್ಮ."

ಮಹಡಿಯ ಆ ಕೋಣೆಯಲ್ಲಿ ಎಣ್ಣೆಯ ವಾಸನೆಯೇ ಇರಲಿಲ್ಲ. ಥೆರಪಿಸ್ಟ್, ನಲವತ್ತರ ಆಸುಪಾಸಿನ ಹೆಂಗಸು, ಮೊದಲು ಕೇಳಿದ್ದು ಅಮ್ಮನ ಕೆಲಸ ಏನೆಂದು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು. ಕೋನ ಅಳೆಯುವ ಪಟ್ಟಿಯನ್ನು ಮಣಿಕಟ್ಟಿಗೆ ಹಿಡಿದು, ಇಪ್ಪತ್ತೈದು ಡಿಗ್ರಿ ಎಂದು ಬರೆದುಕೊಂಡರು. ಮೂಳೆ ಚೆನ್ನಾಗಿಯೇ ಕೂಡಿದೆ, ಸುಮ್ಮನಿಟ್ಟಿದ್ದಕ್ಕೆ ಕೀಲು ಬಿಗಿದುಕೊಂಡಿದೆ. ದಿನಕ್ಕೆ ಮೂರು ಹೊತ್ತು, ಹತ್ತತ್ತು ಸಲ ಮನೆಯಲ್ಲೇ ಬಗ್ಗಿಸಬೇಕು, ಒಂದಿಷ್ಟು ನೋವಿಗೆ ಹೆದರಬೇಡಿ ಎಂದರು.

"ಎಲ್ಲಾ ನಾನೇ ಮಾಡೋದಾದ್ರೆ ನೀವೇನ್ ಮಾಡ್ತೀರಿ ಮೇಡಂ?" ಅಮ್ಮ ಕೇಳಿಯೇಬಿಟ್ಟಳು.

ಅವರು ನಕ್ಕರು. "ಎಷ್ಟು ಬಗ್ಗಿಸ್ಬೇಕು, ಎಲ್ಲಿ ನಿಲ್ಲಿಸ್ಬೇಕು, ಅದು ನನ್ನ ಕೆಲಸ. ಅಳತೆ ತಗೊಳ್ದೆ ನೀವು ಬಟ್ಟೆಗೆ ಕತ್ತರಿ ಹಾಕ್ತೀರಾ?"

ಮಾಡಿದ್ದಕ್ಕೆಲ್ಲ ಗುರುತು ಹಾಕಲೆಂದು ಮಗಳ ಕೈಗೆ ಒಂದು ಹಾಳೆ ಬಂತು.

ಮನೆಯಲ್ಲಿ ಮೂರನೆಯ ಸಲಕ್ಕೇ ಅಮ್ಮ ಹಲ್ಲು ಕಚ್ಚಿದಳು. ಮಗಳು ತಟ್ಟನೆ ಆ ಕೈ ಹಿಡಿದು ನಿಲ್ಲಿಸಿದಳು. ಬಿಡಮ್ಮ, ನಾಳೆ ಮಾಡಿದ್ರಾಯ್ತು ಎಂದಳು. ಮರುದಿನವೂ ಅದೇ ಮಾತು. ಅಮ್ಮನ ರವಿಕೆಯ ಗುಂಡಿ ಹಾಕಿದಳು, ತಲೆ ಬಾಚಿದಳು, ನೀರಿನ ಲೋಟವನ್ನೂ ತಾನೇ ಎತ್ತಿ ಹಿಡಿದಳು. ಹದಿನೈದು ದಿನ ಕಳೆದು ಮತ್ತೆ ತೋರಿಸಲು ಹೊರಡುವ ಮುನ್ನ, ಯಾಕೆಂದು ಕೇಳಿಯಾರೆಂಬ ಸಂಕೋಚಕ್ಕೆ, ಹಾಳೆಯ ಖಾಲಿ ಚೌಕಗಳನ್ನೆಲ್ಲ ಗುರುತುಗಳಿಂದ ತುಂಬಿಸಿಬಿಟ್ಟಳು.

ಥೆರಪಿಸ್ಟ್ ಅಳೆದರು. ಅದೇ ಇಪ್ಪತ್ತೈದು. ಹಾಳೆ ನೋಡಿದರು, ಇನ್ನೊಮ್ಮೆ ಅಳೆದರು.

"ಇಷ್ಟು ಮಾಡಿಯೂ ಜಗ್ಗಿಲ್ಲ ಅಂದ್ರೆ ಒಳಗೆ ಬೇರೆ ಏನೋ ತೊಂದರೆ ಇರ್ಬೇಕು. ಮೂಳೆ ಡಾಕ್ಟರಿಗೇ ವಾಪಸ್ ಕಳಿಸ್ತೀನಿ. ಆಪರೇಷನ್ ಬೇಕಾದ್ರೂ ಬೇಕಾಗ್ಬಹುದು."

ಆಪರೇಷನ್ ಎಂಬ ಮಾತಿಗೇ ಅಮ್ಮ ಕುಗ್ಗಿದಳು; ತಾನು ಮಾಡಿಲ್ಲವೆಂದು ಹೇಳಲೂ ತಲೆ ಎತ್ತಲಿಲ್ಲ. "ಬೇಡ ಮೇಡಂ. ಮಷೀನು ನನ್ನ ತಂಗಿಗೆ ಕೊಟ್ಬಿಡ್ತೀನಿ. ಅವಳಾದ್ರೂ ಹೊಲೀಲಿ."

ಬೀದಿಯ ತುದಿಗೂ ಕೇಳುವಂತೆ ಗಿರಾಕಿಗಳನ್ನು ಗದರಿಸುತ್ತಿದ್ದ ಅಮ್ಮನ ದನಿ ಇಷ್ಟು ಸಣ್ಣದಾಗಿದ್ದನ್ನು ಮಗಳು ಕೇಳಿರಲಿಲ್ಲ. ಥೆರಪಿಸ್ಟರ ಪೆನ್ನು ಪತ್ರದ ಮೊದಲ ಸಾಲು ಮುಗಿಸಿತ್ತು. ಮಗಳು ಕೈ ಚಾಚಿ ಆ ಕಾಗದದ ಮೇಲೆ ಅಂಗೈ ಊರಿದಳು. ಇಬ್ಬರೂ ಅವಳತ್ತ ತಿರುಗಿದರು.

"ಅಮ್ಮ ಮಾಡಿಲ್ಲ," ಎಂದಳು. ದನಿ ನಡುಗಲಿಲ್ಲ. "ನೋವು ನೋಡೋಕಾಗ್ದೆ ನಾನೇ ಬಿಡಿಸಿದೆ. ಗುರುತು ಹಾಕಿದ್ದೂ ನಾನೇ. ಅಮ್ಮನ ಕೈ ಸೋತಿಲ್ಲ ಮೇಡಂ, ನಾವಿನ್ನೂ ಶುರುವೇ ಮಾಡಿಲ್ಲ."